ವಾಸುದೇವಾಚಾರ್ಯರಿಂದ ಆರು ಹೆಜ್ಜೆ: ಒಂದು ರಸಪ್ರಶ್ನೆ ಸಿದ್ಧವಾಗುತ್ತಿರುವ ಬಗೆ

ಜೂನ್ 14

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಬೀದಿಯ ಗಣೇಶೋತ್ಸವದ ರಸಪ್ರಶ್ನೆಯ ಹೊಣೆ ಈ ವರ್ಷ ನನ್ನ ಪಾಲಿಗೆ ಬಂದಿದೆ. ನದಿ, ರಾಜಧಾನಿ, ಪ್ರಶಸ್ತಿಗಳ ಪ್ರಶ್ನೆಗಳು ಸವಕಲಾಗಿರುವುದರಿಂದ, ಒಬ್ಬ ಸಂಗೀತಗಾರರನ್ನು ನಡುವೆ ಇರಿಸಿ, ಒಬ್ಬರಿಂದ ಅವರೊಂದಿಗೆ ನಂಟಿದ್ದ ಇನ್ನೊಬ್ಬರಿಗೆ ಹೋಗುವುದನ್ನು ಒಂದು ಹೆಜ್ಜೆಯೆಂದು ಎಣಿಸಿ, ಅವರಿಂದ ಹೊರಟು ಆರು ಹೆಜ್ಜೆಗಳೊಳಗೆ ಮತ್ತೊಬ್ಬ ಪ್ರಸಿದ್ಧರನ್ನು ತಲುಪುವ ಆಟವೊಂದನ್ನು ಕಟ್ಟಲು ಹೊರಟಿದ್ದೇನೆ. ಪಿಟೀಲು ಚೌಡಯ್ಯನವರ ಹೆಸರು ಮೊದಲು ಹೊಳೆದಿತ್ತು. ಆದರೆ 1865ರಲ್ಲಿ ಹುಟ್ಟಿ 1961ರವರೆಗೆ ಬದುಕಿದ ಮೈಸೂರು ವಾಸುದೇವಾಚಾರ್ಯರಷ್ಟು ತಲೆಮಾರುಗಳನ್ನು ಕಂಡವರು ಅಪರೂಪವೆಂದು ತೋರಿ ಅವರನ್ನೇ ಆರಿಸಿಕೊಂಡೆ. ಅವರು ತಾವು ಕಂಡ ಕಲಾವಿದರ ಬಗ್ಗೆ ಕನ್ನಡದಲ್ಲಿಯೇ ಬರೆದಿಟ್ಟಿರುವುದರಿಂದ ಕೊಂಡಿಗಳಿಗೆ ಸಾಕ್ಷಿ ಹುಡುಕುವ ಕೆಲಸವೂ ಅರ್ಧ ಇಳಿಯಿತು.

ಮನೆಯಲ್ಲಿ ಕೂಡಿಬಿದ್ದಿದ್ದ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿ 48 ಕಾರ್ಡುಗಳನ್ನು ಮಾಡಿದ್ದೇನೆ. ಒಂದೊಂದರ ಮೇಲೆ ಒಂದೊಂದು ಹೆಸರು.

ಜೂನ್ 22

ಮೊದಲ ತಪ್ಪು ಸಿಕ್ಕಿತು, ಅದೂ ಎದುರುಮನೆಯ ನಿವೃತ್ತ ಮೇಷ್ಟ್ರ ಕಣ್ಣಿಗೆ. ವಾಸುದೇವಾಚಾರ್ಯರನ್ನು ಹತ್ತನೆಯ ಚಾಮರಾಜ ಒಡೆಯರು ತಿರುವಯ್ಯಾರಿಗೆ ಕಳುಹಿಸಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ಕಲಿಯಲು ಏರ್ಪಾಡು ಮಾಡಿದ್ದರಷ್ಟೆ. ಅಯ್ಯರ್ ಅವರು ತ್ಯಾಗರಾಜರ ಶಿಷ್ಯಪರಂಪರೆಯವರೆಂಬುದನ್ನು ನೆಚ್ಚಿಕೊಂಡು ನಾನು ತ್ಯಾಗರಾಜರನ್ನು ಎರಡೇ ಹೆಜ್ಜೆಗಳಲ್ಲಿ ತಲುಪಿಬಿಟ್ಟಿದ್ದೆ. ಮೇಷ್ಟ್ರು ಕಾರ್ಡನ್ನು ತಿರುಗಿಸಿ ನೋಡಿ, "ಅಲ್ಲಪ್ಪಾ, ತ್ಯಾಗರಾಜರು ತೀರಿಕೊಂಡದ್ದು 1847ರಲ್ಲಿ, ಇವರು ಹುಟ್ಟಿದ್ದು 1845ರಲ್ಲಿ. ಎರಡು ವರ್ಷದ ಮಗುವಿಗೆ ಪಾಠ ಹೇಳಿದರೇನು?" ಎಂದು ಕೇಳಿದರು. ನಡುವೆ ಮಾನಂಬುಚಾವಡಿ ವೆಂಕಟಸುಬ್ಬಯ್ಯರ್ ಇದ್ದಾರೆ. ಅವರು ತ್ಯಾಗರಾಜರ ನೇರ ಶಿಷ್ಯರು, ಅಯ್ಯರ್ ಅವರ ಗುರುಗಳು. ಹೀಗಾಗಿ ದಾರಿ ಮೂರು ಹೆಜ್ಜೆಗಳದ್ದಾಯಿತು. ಆ ರಾತ್ರಿಯೇ ಕುಳಿತು ಎಲ್ಲ ಕಾರ್ಡುಗಳ ಮೇಲೂ ಹೆಸರಿನ ಕೆಳಗೆ ಹುಟ್ಟಿದ ಮತ್ತು ತೀರಿಕೊಂಡ ವರ್ಷಗಳನ್ನು ಬರೆದೆ. ಮೊದಲೇ ಮಾಡಬೇಕಾಗಿದ್ದ ಕೆಲಸವದು.

ಜುಲೈ 5

ಬೀದಿಯ ಎಂಟು ಮಕ್ಕಳನ್ನು ಕೂರಿಸಿ ಮೊದಲ ಪರೀಕ್ಷಾ ಆಟ ನಡೆಸಿದೆ. ಅರ್ಧ ಗಂಟೆಯಲ್ಲಿ ಆಟ ಸತ್ತುಹೋಯಿತು.

ಪಿಯುಸಿ ಓದುವ ಹುಡುಗಿಯೊಬ್ಬಳು, "ಅಂಕಲ್, ಯಾರ ಹೆಸರು ಬಂದರೂ ಅರಮನೆಗೆ ಹೋಗಿ ಅಲ್ಲಿಂದ ಹೊರಟರೆ ಆಯಿತಲ್ಲ," ಎಂದು ನಗುತ್ತಲೇ ಗುಟ್ಟನ್ನು ಹೊರಹಾಕಿದಳು. ಅವಳು ಹೇಳಿದ್ದು ಸರಿ. ಆಚಾರ್ಯರು ಆಸ್ಥಾನ ವಿದ್ವಾಂಸರು. ನಾಲ್ವಡಿ ಕೃಷ್ಣರಾಜ ಒಡೆಯರ್ ಒಂದನೆಯ ಹೆಜ್ಜೆಯಾದರೆ, 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು, 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರು, ವೀಣೆ ಶೇಷಣ್ಣನವರು ಎಲ್ಲರೂ ಎರಡನೆಯ ಹೆಜ್ಜೆಗೇ ಸಿಕ್ಕಿಬಿಡುತ್ತಾರೆ. ಮೈಸೂರಿನಲ್ಲಿ ಎಲ್ಲ ರಸ್ತೆಗಳೂ ಅರಮನೆಗೇ ಹೋಗುತ್ತವೆಂಬುದು ನಗರದ ನಕ್ಷೆಯಲ್ಲಿ ಚೆಂದ, ಆಟದಲ್ಲಿ ಅಲ್ಲ.

ಇನ್ನೊಬ್ಬ ಹುಡುಗ ಸದ್ದಿಲ್ಲದೆ ಗೆಲ್ಲುತ್ತಿದ್ದ. ಲಗ್ನಪತ್ರಿಕೆಗಳ ಮೂಲೆಗೆ ಹಚ್ಚಿದ್ದ ಅರಿಶಿನ ಈ ಬದಿಗೂ ಇಣುಕಿದ್ದು, ಯಾವ ಮೂಲೆಯ ಕಲೆ ಯಾರ ಹೆಸರಿನದೆಂಬುದನ್ನು ಅವನು ಎರಡೇ ಸುತ್ತಿನಲ್ಲಿ ಗುರುತಿಟ್ಟುಕೊಂಡಿದ್ದನೆಂದು ಆಮೇಲೆ ತಿಳಿಯಿತು. ಮೂಲೆಗಳನ್ನೆಲ್ಲ ಕತ್ತರಿಸಿದ್ದೇನೆ.

ಜುಲೈ 13

ಹೊಸ ನಿಯಮ: ಅರಮನೆಯ ಬಾಗಿಲು ಮುಚ್ಚಿದೆ. ಒಡೆಯರ ಮೂಲಕ ಹೋಗಲೇಬೇಕೆನ್ನುವ ತಂಡವು ಇಡೀ ಸ್ಪರ್ಧೆಯಲ್ಲಿ ಒಮ್ಮೆ ಮಾತ್ರ ಐದು ಅಂಕ ತೆತ್ತು "ದರ್ಬಾರ್ ಪಾಸ್" ಬಳಸಬಹುದು.

ಎರಡನೆಯ ಜಗಳ ಹಾಡಿನದು. ಆಚಾರ್ಯರ ಖಮಾಚ್ ರಾಗದ 'ಬ್ರೋಚೇವಾರೆವರುರಾ' ಕೃತಿಯು 1980ರ 'ಶಂಕರಾಭರಣಂ' ಚಿತ್ರದಲ್ಲಿದೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ವಾಣಿ ಜಯರಾಂ ಅದನ್ನು ಹಾಡಿದ್ದಾರೆ. ಹಾಗಾದರೆ ಎಸ್‌ಪಿಬಿ ಒಂದೇ ಹೆಜ್ಜೆ ದೂರವೇ? ನನ್ನ ಮನೆಯವರು ಹೌದೆಂದರು, ಮೇಷ್ಟ್ರು ಸುತರಾಂ ಒಪ್ಪಲಿಲ್ಲ. ಕೃತಿಯನ್ನು ಹಾಡಿದವರೆಲ್ಲ ನೆಂಟರಾಗುವುದಾದರೆ ಕಚೇರಿ ಮಾಡುವ ಪ್ರತಿಯೊಬ್ಬರೂ ಒಂದೇ ಹೆಜ್ಜೆಯಲ್ಲಿ ಬಂದು ಕೂರುತ್ತಾರೆಂಬ ಅವರ ವಾದ ನನಗೂ ಸರಿಯೆನಿಸಿತು. ಆದ್ದರಿಂದ ಕೊಂಡಿಯಾಗಬೇಕಾದರೆ ಇಬ್ಬರೂ ಮುಖಾಮುಖಿಯಾಗಿ ಕಲಿತಿರಬೇಕು, ಕಲಿಸಿರಬೇಕು, ಒಟ್ಟಿಗೆ ದುಡಿದಿರಬೇಕು ಅಥವಾ ಒಂದೇ ಮನೆಯವರಾಗಿರಬೇಕು. ಒಂದೇ ಪ್ರಶಸ್ತಿ ಪಡೆದದ್ದಾಗಲಿ, ಒಂದೇ ಊರಿನವರೆಂಬುದಾಗಲಿ ಕೊಂಡಿಯಾಗದು.

ಜುಲೈ 27

ನಿಯಮ ಬಿಗಿಯಾದ ಮೇಲೆ ದಾರಿಗಳು ರುಚಿಕಟ್ಟಾಗುತ್ತಿವೆ. ಆಚಾರ್ಯರು ಎಂಬತ್ತು ದಾಟಿದ ಮೇಲೆ ಮದ್ರಾಸಿನ ಕಲಾಕ್ಷೇತ್ರಕ್ಕೆ ಹೋಗಿ ಅಲ್ಲಿನ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತ ಅಳವಡಿಸಿದರು. ಕಲಾಕ್ಷೇತ್ರವನ್ನು 1936ರಲ್ಲಿ ಕಟ್ಟಿದ ರುಕ್ಮಿಣಿ ದೇವಿಯವರಿಗೆ ನೃತ್ಯದ ಹುಚ್ಚು ಹಿಡಿಸಿದವರಲ್ಲಿ ರಷ್ಯಾದ ನರ್ತಕಿ ಅನ್ನಾ ಪಾವ್ಲೋವಾ ಪ್ರಮುಖರು. ಪಾವ್ಲೋವಾ ಜೊತೆಗೆ ಉದಯಶಂಕರ್ ಕುಣಿದರು; ಉದಯಶಂಕರರ ತಂಡದೊಂದಿಗೆ ಉಸ್ತಾದ್ ಅಲ್ಲಾವುದ್ದೀನ್ ಖಾನ್ ಯೂರೋಪಿಗೆ ಹೋದರು; ಅವರ ಮಗ ಅಲಿ ಅಕ್ಬರ್ ಖಾನ್; ಅಲಿ ಅಕ್ಬರರ ಶಿಷ್ಯರು, ನಮ್ಮ ಮೈಸೂರಿನಲ್ಲಿಯೇ ಬಾಳಿ 2024ರಲ್ಲಿ ತೀರಿಕೊಂಡ ಸರೋದ್ ವಾದಕ ರಾಜೀವ ತಾರಾನಾಥರು. ಮೈಸೂರಿನಿಂದ ಹೊರಟು, ರಷ್ಯಾದವರನ್ನೂ ಬಂಗಾಳದವರನ್ನೂ ಮಾತನಾಡಿಸಿಕೊಂಡು, ಸರಿಯಾಗಿ ಆರನೆಯ ಹೆಜ್ಜೆಗೆ ಮೈಸೂರಿಗೇ ಮರಳುವ ಈ ದಾರಿಯನ್ನು ಉಲ್ಲನ್ ದಾರದಲ್ಲಿ ಹಲಗೆಯ ಮೇಲೆ ಕಟ್ಟಿದಾಗ ಅದು ಹಾರದಂತೆ ಕಂಡಿತು. ಇದಕ್ಕಿಂತ ಹತ್ತಿರದ ದಾರಿಯನ್ನು ಯಾವುದಾದರೂ ತಂಡ ತೋರಿಸಿದರೆ ಅಂಕ ಅವರದೇ. ನನಗೆ ಮಾತ್ರ ಈ ಬಳಸುದಾರಿಯೇ ಇಷ್ಟ.

ಆಗಸ್ಟ್ 3

ದರ್ಬಾರ್ ಪಾಸ್ ಬಳಸಲು ತಕ್ಕ ಪ್ರಶ್ನೆಯೊಂದು ಕೊನೆಗೂ ಸಿಕ್ಕಿತು. ಆಚಾರ್ಯರು ಜಯಚಾಮರಾಜ ಒಡೆಯರಿಗೆ ಸಂಗೀತ ಕಲಿಸಿದ ಗುರುಗಳು. ಪಾಶ್ಚಾತ್ಯ ಸಂಗೀತದಲ್ಲೂ ಪಳಗಿದ್ದ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಚೇರಿ ಸಂಸ್ಥೆಯ ಮೊದಲ ಅಧ್ಯಕ್ಷರಾಗಿ, ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು 1945ರಲ್ಲಿ ಸ್ಥಾಪಿಸಿದ ವಾಲ್ಟರ್ ಲೆಗ್ಗ್ ಅವರಿಗೆ ಬೆಂಬಲವಾಗಿ ನಿಂತರು. 1947ರಲ್ಲಿ ಅದೇ ವೃಂದವನ್ನು ಲಂಡನ್ನಿನಲ್ಲಿ ಮುನ್ನಡೆಸಿದವರು ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್. ಸ್ಟ್ರಾಸ್ ತೀರಿಕೊಂಡ ಮೇಲೆ, 1950ರ ಮೇ 22ರಂದು ಅವರ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದದ್ದು ಕೂಡ ಮೈಸೂರು ಮಹಾರಾಜರ ಹಣದ ಆಸರೆಯಿಂದ.

ಕಾರ್ಡಿನ ಮೇಲೆ ವರ್ಷ ಬರೆಯುವಾಗ ಗಮನಿಸಿದೆ: ಸ್ಟ್ರಾಸ್ ಹುಟ್ಟಿದ್ದು 1864ರ ಜೂನ್‌ನಲ್ಲಿ, ಆಚಾರ್ಯರಿಗಿಂತ ಒಂದು ವರ್ಷವೂ ಹಿರಿಯರಲ್ಲ. ಹೆಜ್ಜೆ ಎಣಿಸಿದರೆ ಮೂರು, ತ್ಯಾಗರಾಜರಿಗೂ ಮೂರೇ. ಮೇಷ್ಟ್ರಿಗೆ ತೋರಿಸಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು ದಾರವನ್ನು ಬೆರಳಿನಿಂದ ಎರಡು ಸಲ ಎಣಿಸಿದರು. ಆಕ್ಷೇಪ ಬರಲಿಲ್ಲ.

ಸದ್ಯಕ್ಕೆ 48ರಲ್ಲಿ 41 ಕಾರ್ಡುಗಳ ಕೊಂಡಿಗಳು ಗಟ್ಟಿಯಾಗಿವೆ. ಸಾಕ್ಷಿ ಸಿಗದ ಏಳನ್ನು ಕೈಬಿಟ್ಟು, ಮುಂದಿನ ಭಾನುವಾರ ದೊಡ್ಡವರ ತಂಡಗಳೊಂದಿಗೆ ಎರಡನೆಯ ಪರೀಕ್ಷಾ ಆಟ ನಡೆಸಲಿದ್ದೇನೆ.