ಹಾರದೆ ವಾಪಸ್ ಬಂದರೆ ಬೇಜಾರಾಗಲ್ವಾ?

ಸಣ್ಣ ವಿಮಾನ ಬಾಡಿಗೆಗೆ ಪಡೆದು ಹವ್ಯಾಸಕ್ಕೆ ಹಾರಿಸುತ್ತೇನೆ ಎಂದು ಗೊತ್ತಾದವರೆಲ್ಲ ಮೊದಲು ಕೇಳುವುದು 'ಹೆದರಿಕೆ ಆಗಲ್ವಾ' ಎಂದು. ನನ್ನನ್ನು ಸ್ವಲ್ಪ ಹತ್ತಿರದಿಂದ ಬಲ್ಲವರ ಪ್ರಶ್ನೆ ಬೇರೆ: 'ಅಷ್ಟು ಖರ್ಚು ಮಾಡಿ ಲೈಸೆನ್ಸ್ ತಗೊಂಡೆ. ಈಗ ನೋಡಿದ್ರೆ ಮೂರು ಸಲಕ್ಕೆ ಒಂದು ಸಲ ಹಾರದೇ ವಾಪಸ್ ಬರ್ತೀಯ. ಬೇಜಾರಾಗಲ್ವಾ?'

ಆಗುತ್ತದೆ. ಚೆನ್ನಾಗಿಯೇ ಆಗುತ್ತದೆ. ಬೆಳಗ್ಗೆ ಆರಕ್ಕೆ ಎದ್ದು ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊ ಏರ್‌ಪೋರ್ಟಿಗೆ ಹೋಗಿ, ಸೆಸ್ನಾ 172 ಎಂಬ ಪುಟ್ಟ ವಿಮಾನದ ರೆಕ್ಕೆಯಡಿ ಬಗ್ಗಿ, ಟ್ಯಾಂಕಿನಿಂದ ಒಂದಿಷ್ಟು ನೀಲಿ ಪೆಟ್ರೋಲು ಬಸಿದು, ನೀರು ಸೇರಿದೆಯೋ ಎಂದು ಬೆಳಕಿಗೆ ಹಿಡಿದು ನೋಡಿ, ಕೊನೆಗೆ ಮೋಡ ನೋಡಿ ಕೀಲಿ ವಾಪಸ್ ಕೊಟ್ಟು ಬಂದ ದಿನ ಮನೆಯಲ್ಲಿ ನನ್ನನ್ನು ಯಾರೂ ಮಾತಾಡಿಸುವುದಿಲ್ಲ. ಹಾರದ ದಿನಕ್ಕೆಲ್ಲ ದೇವರು ಬೇರೇನೋ ಎತ್ತಿಟ್ಟಿರುತ್ತಾನೆ ಎಂದೂ ನಾನು ಹೇಳಲಾರೆ. ಹೆಚ್ಚಿನ ಸಲ ಮನೆಗೆ ಬಂದು ಬಟ್ಟೆ ಒಗೆಯಲು ಹಾಕುತ್ತೇನೆ, ಅಷ್ಟೇ. ಆದರೆ ಒಂದು ಜುಲೈ ಶನಿವಾರದ ಕತೆ ಬೇರೆ.

ಕುಂದಾಪುರದ ಹತ್ತಿರದ ಗಂಗೊಳ್ಳಿಯಿಂದ ಅಪ್ಪ ಬಂದಿದ್ದರು. ಗುಡ್ಡಸಾಲು ದಾಟಿದರೆ ಪೆಸಿಫಿಕ್ ಅಂಚಿನಲ್ಲೇ ಹಾಫ್ ಮೂನ್ ಬೇ ಏರ್‌ಪೋರ್ಟು, ಹೆಚ್ಚೆಂದರೆ 20 ನಿಮಿಷದ ಹಾರಾಟ. ಅಲ್ಲಿಂದ ನಡೆದು ಹೋಗುವಷ್ಟು ದೂರದ ಪಿಲ್ಲರ್ ಪಾಯಿಂಟ್ ಬಂದರಿನಲ್ಲಿ ಬೋಟಿನವರು ಮೀನನ್ನು ಬೋಟಿನಿಂದಲೇ ಮಾರುತ್ತಾರೆ. ಅಪ್ಪನಿಗೆ ವಿಮಾನವೂ ಆಯ್ತು, ಮೀನೂ ಆಯ್ತು ಎಂದು ಹೊರಟೆವು. ಬಂದರಿನಲ್ಲಿ ಅವರು ಒಂದು ಕೆಂಪು ಮೀನಿನ ಕಿವಿರನ್ನು ಹೆಬ್ಬೆರಳಿನಿಂದ ಎತ್ತಿ ನೋಡಿ, ತಲೆಯಾಡಿಸಿ, ಕೆಳಗಿಟ್ಟರು. ಬೋಟಿನವನೂ ತಲೆಯಾಡಿಸಿದ. ಭಾಷೆಯ ಗೊಡವೆಯೇ ಬೇಕಾಗಲಿಲ್ಲ.

ಮೂರು ಗಂಟೆಗೆ ವಿಮಾನದ ಹತ್ತಿರ ಬಂದರೆ, ಬೆಳಗ್ಗೆ ದೂರದ ಕಡಲ ಮೇಲೆ ಬಿಳಿ ಪಟ್ಟಿಯಂತಿದ್ದ ಮಂಜು ಬಂದರಿನ ಪಕ್ಕದ ಗುಡ್ಡದ ಬುಡ ನುಂಗಿತ್ತು. ಗುಡ್ಡದ ನೆತ್ತಿಯ ರೇಡಾರ್ ಮಾತ್ರ ಕಾಣುತ್ತಿತ್ತು. ಇಲ್ಲಿಯ ಬೇಸಿಗೆಯೇ ಹೀಗೆ. ಕಡಲ ನೀರು ಕೈ ಕೊರೆಯುವಷ್ಟು ತಣ್ಣಗೆ, ಒಳನಾಡಿನ ಕಣಿವೆ ಹೆಂಚಿನ ಹಾಗೆ ಕಾದಿರುತ್ತದೆ. ಕಾದ ಗಾಳಿ ಮೇಲೇರಿದಂತೆ ಕಡಲ ಗಾಳಿ ಮಂಜಿನ ಸಮೇತ ಒಳಗೆ ನುಗ್ಗುತ್ತದೆ. ಏರ್‌ಪೋರ್ಟಿನ ಹವಾಮಾನ ಯಂತ್ರಕ್ಕೆ ಫೋನ್ ಮಾಡಿದೆ. ಉಷ್ಣಾಂಶ 14 ಡಿಗ್ರಿ, ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ) 12. ಈ ಎರಡು ಅಂಕಿ ಹತ್ತಿರವಾದಷ್ಟೂ ಮಂಜು ಹತ್ತಿರ. ಆದರೂ ಯಂತ್ರದ ಲೆಕ್ಕದಲ್ಲಿ 10 ಮೈಲಿ ದೂರದವರೆಗೆ ಕಣ್ಣು ಹರಿಯುತ್ತಿತ್ತು. ಕಾನೂನು ಕೇಳುವುದು ಅದಕ್ಕಿಂತ ತುಂಬ ಕಡಿಮೆ. ಹೊರಡಬಹುದಿತ್ತು. ನಮ್ಮೆದುರೇ ಇನ್ನೊಂದು ವಿಮಾನ ಹೊರಟೂ ಹೋಯಿತು.

ಮೋಡದೊಳಗೆ ಉಪಕರಣ ನೋಡಿಕೊಂಡು ಹಾರುವ ರೇಟಿಂಗ್, ಅಂದರೆ ಹೆಚ್ಚುವರಿ ಪರವಾನಗಿ, ನನಗಿಲ್ಲ. ಆ ತರಬೇತಿ ಇಲ್ಲದವನು ಮೋಡ ಹೊಕ್ಕರೆ ಏನಾಗುತ್ತದೆ ಎಂದು 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 20 ಮಂದಿ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಪರೀಕ್ಷಿಸಿದ್ದರು. ಇಪ್ಪತ್ತೂ ಮಂದಿಯ ಕೈಯಿಂದ ವಿಮಾನ ತಪ್ಪಿತು, ಸರಾಸರಿ 178 ಸೆಕೆಂಡಿನಲ್ಲಿ. 'ನೆಟ್ಟಗೇ ಇದ್ದೀಯ' ಎಂದು ಒಳಗಿವಿ ಹೇಳುತ್ತಿರುತ್ತದೆ, ವಿಮಾನ ವಾಲಿಕೊಂಡು ಸುತ್ತುತ್ತ ಇಳಿಯುತ್ತಿರುತ್ತದೆ. ಪಕ್ಕದ ಸೀಟಿನಲ್ಲಿ ಅಪ್ಪ. 'ಇವತ್ತು ಇಲ್ಲೇ' ಅಂದೆ.

ರೆಕ್ಕೆಯನ್ನು ನೆಲದ ಕೊಂಡಿಗೆ ಹಗ್ಗದಿಂದ ಕಟ್ಟುತ್ತಿದ್ದೆ. ಅಪ್ಪ ನೋಡಿದರು. 'ಇದ್ ಯಾವ ಗಂಟ್ ಮಾರಾಯ?' ಎಂದು ನನ್ನದನ್ನು ಬಿಚ್ಚಿ, ಎರಡು ಸುತ್ತು ಹಾಕಿ, ತುದಿಯನ್ನು ಮಡಚಿ ಒಳಗೆ ತೂರಿಸಿ ಎಳೆದರು. ಪಂಚಾಯ್ತಿ ಗುಮಾಸ್ತರಾಗಿ ನಿವೃತ್ತರಾದ ನನ್ನಪ್ಪನಿಗೆ ಈ ಕೈ ಎಲ್ಲಿಂದ ಬಂತು? ಕೆಲಸ ಸಿಗುವ ಮುಂಚೆ ಎರಡು ವರ್ಷ ಅಜ್ಜನ ದೋಣಿಯಲ್ಲಿ ಕಡಲಿಗೆ ಹೋಗುತ್ತಿದ್ದರಂತೆ. ನನಗೆ ನಲವತ್ತೊಂದು ವರ್ಷ. ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ರಾತ್ರಿ ಬಂದರಿನ ಹತ್ತಿರದ ಸಣ್ಣ ಲಾಡ್ಜಿನಲ್ಲಿ ಉಳಿದೆವು. (ಮಾತ್ರೆ ಡಬ್ಬಿ ಅಪ್ಪನ ಕಿಸೆಯಲ್ಲೇ ಇತ್ತು. ಇಪ್ಪತ್ತು ನಿಮಿಷದ ಪಯಣಕ್ಕೂ ಅದಿಲ್ಲದೆ ಹೊರಡುವವರಲ್ಲ. ಎಚ್ಚರಿಕೆ ನನಗೆ ಯಾವ ಕಡೆಯಿಂದ ಬಂದಿದೆಯೋ ಗೊತ್ತಾಯಿತಲ್ಲ.) ಫೋನಿನಲ್ಲಿ ನೋಡಿದರೆ ಮಧ್ಯಾಹ್ನ ಹೊರಟಿದ್ದ ವಿಮಾನ ಕಾಲು ಗಂಟೆಯಲ್ಲಿ ಸುಖವಾಗಿ ಮನೆ ಮುಟ್ಟಿತ್ತು. ಈ ಹವ್ಯಾಸದ ಕಿರಿಕಿರಿ ಇದೇ. ಉಳಿದದ್ದು ಸರಿ ಎಂದು ಸಾಬೀತು ಮಾಡುವ ದಾರಿಯೇ ಇಲ್ಲ. ಅದನ್ನೇ ಅಪ್ಪನ ಹತ್ತಿರ ಗೊಣಗಿದೆ.

ಆಗ ಬಂತು ಅಜ್ಜನ ಸುದ್ದಿ. ಊರಿನಲ್ಲಿ ಈಗ ಜೂನ್, ಜುಲೈ ಸೇರಿ 61 ದಿನ ಯಾಂತ್ರಿಕ ಬೋಟುಗಳಿಗೆ ಸರ್ಕಾರವೇ ನಿಷೇಧ ಹಾಕುತ್ತದೆ. ಅಜ್ಜನ ಕಾಲಕ್ಕೆ ಅವರವರ ತಲೆಯೇ ಕಾನೂನು. ಮಳೆಗಾಲ ಇಳಿದು, ಸಮುದ್ರಪೂಜೆ ಮುಗಿದ ಮೊದಲ ವಾರ. ಎಲ್ಲರೂ ದೋಣಿ ಇಳಿಸುತ್ತಿದ್ದಾಗ ಅಜ್ಜ ನೀರಿಗೆ ಕಾಲಿಟ್ಟು, ತುಸು ಹೊತ್ತು ನಿಂತು, ವಾಪಸ್ ಬಂದರಂತೆ. ಉಳಿದವರು ಹೋದರು. ಮಧ್ಯಾಹ್ನ ಬುಟ್ಟಿ ಬುಟ್ಟಿ ಬಂಗುಡೆ ತಂದರು. ಅಜ್ಜಿ ಮೂರು ದಿನ ಮಾತು ಬಿಟ್ಟರು.

'ಕಡೆಗೆ ಎಂತ ಆಯ್ತು?' ಎಂದು ಕೇಳಿದೆ.

'ಎಂತ ಆಪುದ್? ಅಷ್ಟ್ರಲ್ಲಿ ಹರ್ದ್ ಬಲೆ ಎಲ್ಲ ಹೊಲ್ದ್ ಮುಗೀತ್.'

ಮರುದಿನ ಮಂಜು ಸರಿದು ಬಿಸಿಲು ಬರುವಾಗ ಮಧ್ಯಾಹ್ನ ಒಂದು ಗಂಟೆ. ಅಪ್ಪನ ಗಂಟು ಒಂದೇ ಎಳೆತಕ್ಕೆ ಬಿಚ್ಚಿತು. ವಿಮಾನವನ್ನು ರಾತ್ರಿ ಹೊರಗೆ ನಿಲ್ಲಿಸಿದ್ದಕ್ಕೆ, ಅದನ್ನು ಬಾಡಿಗೆಗೆ ಕೊಟ್ಟ ಕ್ಲಬ್ಬಿಗೆ ಹೆಚ್ಚುವರಿ ಬಾಡಿಗೆ ಕೊಟ್ಟೆ. ಮನೆಗೆ ಬಂದವರೇ ಅಪ್ಪ ಊರಿಗೆ ಫೋನ್ ಹಚ್ಚಿದರು. ಅರ್ಧ ಗಂಟೆ ಚಿಕ್ಕಪ್ಪನಿಗೆ ಆ ಕೆಂಪು ಮೀನಿನ ಕಿವಿರು, ಇಲ್ಲಿಯ ಬೋಟುಗಳ ಬಲೆ, ನನಗೆ ಗಂಟು ಹಾಕಲು ಬಾರದ್ದು, ಎಲ್ಲ ವರದಿ ಒಪ್ಪಿಸಿದರು. ವಿಮಾನದ ಸುದ್ದಿ ತೆಗೆಯಲೇ ಇಲ್ಲ.