ತೂಗುಕುಂಡ ಕೆಳಗಿಳಿಸಿದ ಭಾನುವಾರ

ತೂಗುಕುಂಡದ ಮನಿಪ್ಲಾಂಟ್ ಸೊರಗಿದರೆ ಮೊದಲು ಅದನ್ನು ಕೊಕ್ಕೆಯಿಂದ ಇಳಿಸಬೇಕು. ತಲೆಯ ಮೇಲಿರುವ ಕುಂಡದ ಮಣ್ಣು ಕಣ್ಣಿಗೆ ಬೀಳುವುದಿಲ್ಲ, ಕಾಣುವುದು ಇಳಿಬಿದ್ದ ಬಳ್ಳಿ ಮಾತ್ರ. ಹಾಗಾಗಿ ಎಲೆ ಬಾಡಿದರೂ ನೀರು, ಹಳದಿಯಾದರೂ ನೀರು.

ಮೊನ್ನೆ ಭಾನುವಾರ ಬೆಂಗಳೂರಿನ ನಮ್ಮ ಬಾಲ್ಕನಿಯಲ್ಲಿ ಇಳಿಸಿದ್ದು 8 ಇಂಚಿನ ಪ್ಲಾಸ್ಟಿಕ್ ಕುಂಡ. ಹಿಂದಿನ ದಿನವಷ್ಟೇ ನೀರು ಬಿದ್ದಿತ್ತು, ಆದರೂ ಎತ್ತಿದರೆ ಹಗುರ. ಕುಂಡದ ಮಣ್ಣಿನ ಮಿಶ್ರಣ ಒಮ್ಮೆ ಪೂರ್ತಿ ಒಣಗಿತೆಂದರೆ ನೀರನ್ನು ಸುಲಭಕ್ಕೆ ಹೀರುವುದಿಲ್ಲ. ಕುಗ್ಗಿ ಕುಂಡದ ಅಂಚು ಬಿಡುತ್ತದೆ, ಸುರಿದದ್ದೆಲ್ಲ ಆ ಸಂದಿಯಲ್ಲೇ ಇಳಿದುಹೋಗುತ್ತದೆ. ಕೆಳಗಿನ ಮನೆಯವರ ಬಟ್ಟೆ ನೆನೆಯುತ್ತದೆ, ಬೇರು ನೆನೆಯುವುದಿಲ್ಲ! ಇಂಥ ಕುಂಡಕ್ಕೆ ಮೇಲಿನಿಂದ ಎಷ್ಟು ಸುರಿದರೂ ಪ್ರಯೋಜನ ಕಡಿಮೆ. ಅಡಿಯ ತಟ್ಟೆ ಕಳಚಿ, ಕುಂಡದ ಅರ್ಧಕ್ಕೂ ಮೇಲೆ ನೀರು ಬರುವಂತೆ ಬಕೆಟ್ಟಿನಲ್ಲಿ ಅರ್ಧ ಗಂಟೆ ಇಡಬೇಕು. ಗುಳ್ಳೆ ಏಳುವುದು ನಿಂತು ಮೇಲ್ಭಾಗ ಕಪ್ಪಾದರೆ ಸಾಕು. ನೀರು ಸೋರಿದ ಮೇಲೆ ಒಮ್ಮೆ ಎತ್ತಿ ತೂಕ ನೋಡಿಕೊಳ್ಳಿ. ಮುಂದೆ ನೀರು ಬೇಕೋ ಬೇಡವೋ ಎಂದು ಹೇಳುವುದು ಆ ತೂಕವೇ. ವಾರಕ್ಕೆ ಎರಡು ಸಲ ಎಂಬ ಲೆಕ್ಕ ಏಪ್ರಿಲ್ಲಿಗೆ ಸರಿಹೊಂದಿದರೂ ಜುಲೈಗೆ ಹೊಂದುವುದಿಲ್ಲ.

ಎತ್ತಿದಾಗ ಭಾರವಿದ್ದೂ ಎಲೆ ಬಾಡಿದ್ದರೆ ಕಥೆ ಬೇರೆ. ತಟ್ಟೆಯಲ್ಲಿ ನೀರು ನಿಂತು ಬೇರು ಕೊಳೆತಿರುತ್ತದೆ. ಗಟ್ಟಿಯಾದ ಬಿಳಿ ಬೇರು ಆರೋಗ್ಯದ್ದು. ಕಂದಾಗಿ, ಹಿಸುಕಿದರೆ ಸಿಪ್ಪೆ ಜಾರುವುದನ್ನು ಕತ್ತರಿಸಿ ತೆಗೆಯಿರಿ. ಹೊಸ ಮಿಶ್ರಣಕ್ಕೆ ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು). ತೂಗುಕುಂಡಕ್ಕೆ ಬರೀ ಕೆಂಪುಮಣ್ಣು ನನಗೆ ಒಗ್ಗದು. ಭಾರವೂ ಹೆಚ್ಚು, ಒಣಗಿದರೆ ಗಟ್ಟಿಯೂ ಆಗುತ್ತದೆ.

ಇಳಿಸಿದಾಗ ಕಂಡ ಇನ್ನೊಂದು ದೋಷ ಬೋಳು ನೆತ್ತಿ. ಬಳ್ಳಿ ಆರಡಿ ಇಳಿದಿದೆ, ಬುಡದಲ್ಲಿ ಒಂದೂ ಎಲೆಯಿಲ್ಲ. ಸೂರಿಗೆ ತೀರಾ ಹತ್ತಿರ ತೂಗುಹಾಕಿದರೆ ಕಿಟಕಿಯ ಬೆಳಕು ಕುಂಡದ ಬಾಯಿಗೆ ತಲುಪುವುದಿಲ್ಲ. ಸರಪಳಿ ಉದ್ದ ಮಾಡಿ ಕುಂಡದ ಬಾಯಿಯನ್ನು ಕಿಟಕಿಯ ಮೇಲಂಚಿಗಿಂತ ಕೆಳಗೆ ತರಬೇಕು. ಬೋಳು ತುಂಬಲು ಗೊಬ್ಬರ ಬೇಡ, ಕತ್ತರಿ ಬೇಕು. ಉದ್ದದ ಬಳ್ಳಿ ಕತ್ತರಿಸಿ, ಎರಡೆರಡು ಗಿಣ್ಣಿನ ತುಂಡು ಮಾಡಿ, ಕೆಳಗಿನ ಗಿಣ್ಣು ಮಣ್ಣಿನೊಳಗೆ ಹೋಗುವಂತೆ ಅದೇ ಕುಂಡದಲ್ಲಿ ನೆಡಿ. ಬೇರು ಹೊರಡುವುದು ಗಿಣ್ಣಿನಿಂದ. ಗಿಣ್ಣಿಲ್ಲದ ಎಲೆಯನ್ನು ಬಾಟಲಿಯಲ್ಲಿಟ್ಟು ತಿಂಗಳುಗಟ್ಟಲೆ ಕಾದರೂ ಬಳ್ಳಿಯಾಗದು. ಕತ್ತರಿಸದೆಯೂ ಆಗುತ್ತದೆ: ಬಳ್ಳಿಯನ್ನು ಮಣ್ಣಿನ ಮೇಲೆ ಸುತ್ತಿ, ಗಿಣ್ಣಿನ ಹತ್ತಿರ ಹೇರ್‌ಪಿನ್ ಚುಚ್ಚಿದರೆ ಅಲ್ಲೇ ಬೇರು ಬಿಡುತ್ತದೆ. ಇದರ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಬೆಕ್ಕು ಅಗಿದರೆ ಬಾಯಿ ಉರಿಯುತ್ತದೆ. ತುಂಡುಗಳನ್ನು ನೆಲದಲ್ಲಿ ಬಿಡಬೇಡಿ.

ಗಿಣ್ಣಿನ ಸಂದಿಯಲ್ಲಿ ರಸ ಹೀರುವ ಹಿಟ್ಟುತಿಗಣೆಯ ಹತ್ತಿಯಂಥ ಬಿಳಿ ಪದರ ಕಂಡರೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ. ಆಮೇಲೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ಹನಿ ಪಾತ್ರೆ ಸೋಪು ಬೆರೆಸಿ ಸಂಜೆ ಸಿಂಪಡಿಸಿ.

ನೀರು ತೊಟ್ಟಿಕ್ಕುವುದು ನಿಂತ ಮೇಲಷ್ಟೇ ಕುಂಡವನ್ನು ಮತ್ತೆ ಏರಿಸಬೇಕು. ಕೊಕ್ಕೆ ಕಾಂಕ್ರೀಟಿನಲ್ಲೇ ಇರಲಿ, ಫಾಲ್ಸ್ ಸೀಲಿಂಗಿನ ಜಿಪ್ಸಂ ಹಲಗೆ ನೆನೆದ ಕುಂಡವನ್ನು ತಡೆಯದು. ತಟ್ಟೆ ಹಾಕುವವರು ವಾರದೊಳಗೆ ಒಮ್ಮೆ ಅದನ್ನು ಬರಿದು ಮಾಡಿ ಉಜ್ಜಿ ತೊಳೆಯಬೇಕು. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನ ಅಂಚಿನಲ್ಲೇ, ನೀರು ಚೆಲ್ಲಿದರೂ ಅಂಟಿದ ಮೊಟ್ಟೆ ಅಲ್ಲೇ ಉಳಿದಿರುತ್ತದೆ.