ಬದ್ಧವೈರಿಗಳು ಒಂದೇ ಸಂಪುಟದಲ್ಲಿ ಹೇಗೆ ಕೂರುತ್ತಾರೆ?

ಉತ್ತರ ಐರ್ಲೆಂಡಿನ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು. ಐರ್ಲೆಂಡ್ ಒಂದಾಗಲೇಬೇಕು ಅನ್ನುವ ಸಿನ್ ಫೇನ್, ಬ್ರಿಟನ್ ಬಿಟ್ಟು ಕದಲುವುದಿಲ್ಲ ಅನ್ನುವ ಡಿಯುಪಿ, ಇಬ್ಬರೂ ಒಟ್ಟಿಗೆ ಸರ್ಕಾರ ನಡೆಸಲು ಒಪ್ಪುವುದಾದರೂ ಹೇಗೆ?

ಒಪ್ಪುವ ಪ್ರಶ್ನೆಯೇ ಬರುವುದಿಲ್ಲ. ಸಮ್ಮಿಶ್ರ ಸರ್ಕಾರ ಅಂದರೆ ನಮ್ಮ ಕಣ್ಣಿಗೆ ಬರುವುದು ರೆಸಾರ್ಟು, ಖಾತೆಗಾಗಿ ಹಗ್ಗಜಗ್ಗಾಟ. ಅವರ ವಿಧಾನಸಭೆ ಇರುವ ಬೆಲ್‌ಫಾಸ್ಟ್‌ನ ಸ್ಟಾರ್ಮಂಟ್‌ನಲ್ಲಿ ಆ ಚೌಕಾಸಿಗೆ ಜಾಗ ಕಡಿಮೆ. 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದ ಸಂಪುಟ ರಚನೆಯನ್ನು ಭಾಗಾಕಾರಕ್ಕೆ ಒಪ್ಪಿಸಿಬಿಟ್ಟಿದೆ.

ಪಕ್ಷಕ್ಕೆ ಈಗಾಗಲೇ ಸಿಕ್ಕಿರುವ ಖಾತೆಗಳಿಗೆ ಒಂದು ಕೂಡಿಸಿ, ಅದರಿಂದ ಅದರ ಸೀಟುಗಳನ್ನು ಭಾಗಿಸುವುದು. ಯಾರ ಉತ್ತರ ದೊಡ್ಡದೋ ಮುಂದಿನ ಖಾತೆ ಆರಿಸುವ ಸರದಿ ಅವರದು. 2022ರ ಚುನಾವಣೆಯಲ್ಲಿ 90 ಸೀಟುಗಳ ಪೈಕಿ ಸಿನ್ ಫೇನ್‌ಗೆ 27, ಡಿಯುಪಿಗೆ 25, ಎರಡೂ ಬಣಕ್ಕೆ ಸೇರದ ಅಲಯನ್ಸ್‌ಗೆ 17, ಬ್ರಿಟನ್ ಪರ ಇರುವ ಅಲ್‌ಸ್ಟರ್ ಯೂನಿಯನಿಸ್ಟರಿಗೆ 9, ಐರ್ಲೆಂಡ್ ಒಂದಾಗಲಿ ಅನ್ನುವ ಎಸ್‌ಡಿಎಲ್‌ಪಿಗೆ 8. 2024ರ ಫೆಬ್ರವರಿಯಲ್ಲಿ ಸಂಪುಟ ರಚನೆಯಾದಾಗ ಕೊನೆಯ ಖಾತೆಯ ಲೆಕ್ಕ ನೋಡಿ: ಅಲಯನ್ಸ್ ಬಳಿ ಆಗಲೇ ಒಂದಿತ್ತು, ಹಾಗಾಗಿ 8.5. ಎರಡು ಪಡೆದಿದ್ದ ಡಿಯುಪಿಯದು 8.33. ಏನೂ ಸಿಗದ ಎಸ್‌ಡಿಎಲ್‌ಪಿಯದು ಬರೀ 8. ಅರ್ಧ ಅಂಕದಲ್ಲಿ ತಪ್ಪಿತು, ವಿರೋಧ ಪಕ್ಷದಲ್ಲಿ ಕೂತರು.

ಅಲಯನ್ಸ್ ಬಳಿ ಇದ್ದದ್ದು ನ್ಯಾಯ ಖಾತೆ. ಅದೊಂದು ಮಾತ್ರ ಈ ಸರದಿಯಲ್ಲಿ ಹಂಚಿಕೆಯಾಗುವುದಿಲ್ಲ, ಐರ್ಲೆಂಡ್ ಪರ, ಬ್ರಿಟನ್ ಪರ ಎರಡೂ ಸಮುದಾಯಗಳ ಶಾಸಕರು ಒಪ್ಪಿದವರಿಗೇ ಹೋಗಬೇಕು. ಪೊಲೀಸ್, ಕೋರ್ಟುಗಳ ಉಸ್ತುವಾರಿಯನ್ನು ಎದುರಾಳಿಯ ಕೈಗೆ ಕೊಡಲು ಅಲ್ಲಿ ಯಾರಿಗೂ ಧೈರ್ಯವಿಲ್ಲ. ಬಜೆಟ್ಟಿನ ಹೆಚ್ಚುಕಡಿಮೆ ಅರ್ಧ ನುಂಗುವ ಆರೋಗ್ಯ ಖಾತೆಯ ಕಥೆ ಬೇರೆ. ಚಿಕಿತ್ಸೆಗೆ ಕಾಯುವವರ ಪಟ್ಟಿ ಹನುಮಂತನ ಬಾಲ. ಮೊದಲು ಆರಿಸುವ ಹಕ್ಕಿದ್ದ ಎರಡೂ ದೊಡ್ಡ ಪಕ್ಷಗಳು ಅದನ್ನು ಮುಟ್ಟಲಿಲ್ಲ, ಅಲ್‌ಸ್ಟರ್ ಯೂನಿಯನಿಸ್ಟರ ತಲೆಗೆ ಬಂತು. ಜಾಣತನ ಅನ್ನಿ, ಪಲಾಯನ ಅನ್ನಿ.

ಖಾತೆಗಳ ಈ ಲೆಕ್ಕಾಚಾರದಲ್ಲಿ ನನಗೆ ದೊಡ್ಡ ತಕರಾರಿಲ್ಲ. ತೊಡಕಿರುವುದು ಮೇಲಿನ ಎರಡು ಕುರ್ಚಿಗಳಲ್ಲಿ. ಫಸ್ಟ್ ಮಿನಿಸ್ಟರ್ ಮಿಶೆಲ್ ಓನೀಲ್ ಸಿನ್ ಫೇನ್‌ನವರು, ಡೆಪ್ಯುಟಿ ಎಮ್ಮಾ ಲಿಟ್ಲ್-ಪೆಂಗಲಿ ಡಿಯುಪಿಯವರು. ಹೆಸರಿಗಷ್ಟೇ ಡೆಪ್ಯುಟಿ, ಅಧಿಕಾರ ಸಮಸಮ. ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರ ಹುದ್ದೆಯೂ ಹೋಯಿತು. 2017ರಲ್ಲಿ ಸಿನ್ ಫೇನ್‌ನ ಮಾರ್ಟಿನ್ ಮ್ಯಾಗಿನೆಸ್ ಹೊರನಡೆದರು, ಮೂರು ವರ್ಷ ಸರ್ಕಾರವೇ ಇರಲಿಲ್ಲ. 2022ರಲ್ಲಿ ಬ್ರೆಕ್ಸಿಟ್ ನಂತರದ ವ್ಯಾಪಾರ ನಿಯಮ ಒಪ್ಪದೆ ಡಿಯುಪಿ ಎದ್ದು ಹೋಯಿತು, ಮತ್ತೆರಡು ವರ್ಷ ಬಾಗಿಲು ಬಂದ್. ಒಬ್ಬರು ಹೋದರೆ ಇಬ್ಬರೂ ಹೋಗುವ ಈ ನಿಯಮ ಬದಲಿಸಿ ಅಂತ ಅಲಯನ್ಸ್ ಕೇಳುತ್ತಲೇ ಇದೆ. ಬಾಗಿಲು ಹಾಕುವ ಬಲ ಇರುವ ಆ ಎರಡು ಪಕ್ಷಗಳಿಗೆ ಮಾತ್ರ ಅಂಥ ಅವಸರವೇನೂ ಕಾಣುತ್ತಿಲ್ಲ.